ಆಕ್ಸೊಲಾಟಲ್ ಟ್ಯಾಂಕಿಗೆ ಮರುವಾಯಿ ಚಿಪ್ಪು

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಕಪ್ಪೆಗಳಿಗೇನೂ ಬರ ಇಲ್ಲ. ಜೂನ್ ಬಂತೆಂದರೆ ಬಚ್ಚಲಲ್ಲಿ, ಚಪ್ಪಲಿಯೊಳಗೆ, ಒಮ್ಮೊಮ್ಮೆ ಅಕ್ಕಿ ಡಬ್ಬದ ಹಿಂದೆ. ಹಾಗಿರುವಾಗ ದುಡ್ಡು ಕೊಟ್ಟು ಕಪ್ಪೆಯ ನೆಂಟರಂಥ ಎರಡು ಪ್ರಾಣಿ ತರಿಸುತ್ತೇನೆ ಅಂದಾಗ ಅಜ್ಜಿ ಸುಮ್ಮನೆ ನನ್ನ ಮುಖ ನೋಡಿದರು. ಫೋನಿನಲ್ಲಿ ಫೋಟೊ ತೋರಿಸಿದೆ. "ಹಲ್ಲಿ ಮರಿಗೆ ಜುಟ್ಟು ಕಟ್ಟಿದ ಹಾಗಿದೆಯಲ್ಲೇ" ಅಂದರು.

ನಮ್ಮ ಘಟ್ಟದಲ್ಲಿ ಇಷ್ಟೊಂದು ಕಪ್ಪೆ ಇದ್ದರೂ ಸಾಲಮ್ಯಾಂಡರ್ ಒಂದೂ ಇಲ್ಲ. ಆಕ್ಸೊಲಾಟಲ್ ಮೆಕ್ಸಿಕೊದ ಸಾಲಮ್ಯಾಂಡರ್. ಗೊದಮೊಟ್ಟೆ ಕಪ್ಪೆಯಾಗುವುದನ್ನೇ ಮರೆತು ಹಾಗೇ ದೊಡ್ಡದಾದರೆ ಹೇಗೆ, ಹಾಗೆ. ಅಜ್ಜಿ ಜುಟ್ಟು ಅಂದದ್ದು ಅದರ ಕಿವಿರು. ಸಾಯುವವರೆಗೂ ಅದು ತಲೆಯ ಹೊರಗೇ ಇರುತ್ತದೆ, ಪ್ರಾಣಿ ನೀರಿನಲ್ಲೇ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು-ಹದಿನೈದು ವರ್ಷ ಬದುಕುತ್ತದೆ, ಒಂದು ಅಡಿಯ ಹತ್ತಿರ ಬೆಳೆಯುತ್ತದೆ.

ಅದರ ಊರು ಮೆಕ್ಸಿಕೊ ನಗರದ ಅಂಚಿನ ಸೋಚಿಮಿಲ್ಕೊ ಕೆರೆ, ಕಾಲುವೆಗಳು. ಸಮುದ್ರ ಮಟ್ಟದಿಂದ 2,200 ಮೀಟರ್‌ಗಿಂತ ಎತ್ತರ, ತಂಪು ನೀರು. ಹಾಗಾಗಿ ಟ್ಯಾಂಕಿನ ನೀರು 16ರಿಂದ 18 ಡಿಗ್ರಿ ಇದ್ದರೆ ಅದಕ್ಕೆ ಹಿತ. 24 ದಾಟಿದರೆ ಕಷ್ಟ. ಬಯಲುಸೀಮೆಯಲ್ಲಿ ಇದನ್ನು ಸಾಕುವವರು ಸೆಕೆಯೊಂದನ್ನೇ ಲೆಕ್ಕ ಹಾಕುತ್ತಾರೆ. ನಾನೂ ಅದನ್ನೇ ಹಾಕಿದೆ. ಮಲೆನಾಡು, ಹೆಂಚಿನ ಮನೆ, ದಪ್ಪ ಗೋಡೆ. ಅರ್ಧ ಕೆಲಸ ಮುಗಿದ ಹಾಗೇ ಅಲ್ವಾ ಅಂದುಕೊಂಡೆ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ಮೊದಲು ಜಾಗ. ಕಾಳುಮೆಣಸಿನ ಚೀಲ ಇಡುತ್ತಿದ್ದ ಉತ್ತರದ ಕೋಣೆಯನ್ನು ಖಾಲಿ ಮಾಡಿಸಿದೆ. ಬಿಸಿಲೇ ಬೀಳದ ಕೋಣೆ. ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಾಯಿಯವರೆಗೆ ತುಂಬದೆ ಮೂರು-ನಾಲ್ಕು ಇಂಚು ಬಿಟ್ಟರೆ ಸುಮಾರು 150 ಲೀಟರ್. ಇವು ನೆಲದ ಮೇಲೆ ನಡೆದಾಡುವ ಪ್ರಾಣಿ, ಮೀನಿನ ಹಾಗೆ ಮೇಲೆ ಕೆಳಗೆ ಈಜಿಕೊಂಡಿರುವುದಿಲ್ಲ. ಎತ್ತರದ ಟ್ಯಾಂಕ್ ನೋಡುವವರಿಗೆ ಚಂದ, ಅವಕ್ಕೆ ಬೇಕಾದದ್ದು ತಳದ ಜಾಗ. ಕಬ್ಬಿಣದ ಸ್ಟ್ಯಾಂಡನ್ನು ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ನೀರು, ಗಾಜು ಸೇರಿ ಇನ್ನೂರು ಕೆಜಿ ಆಗುತ್ತದೆ, ಹಳೇ ಟೀಪಾಯಿಯ ಮೇಲೆ ಇಡುವ ಮಾತೇ ಬೇಡ.

ತಳಕ್ಕೆ ಏನೂ ಹಾಕಲಿಲ್ಲ. ಬಣ್ಣದ ಕಲ್ಲು ಹಾಕಿದರೆ ಚೆನ್ನಾಗಿ ಕಾಣುತ್ತೆ ಅಂತ ಅಂಗಡಿಯವರು ಒತ್ತಾಯ ಮಾಡಿದರು. ಆಕ್ಸೊಲಾಟಲ್ ಊಟ ಮಾಡುವುದು ಬಾಯಿ ತೆರೆದು ಗಬಕ್ಕನೆ ನೀರನ್ನೇ ಎಳೆದುಕೊಂಡು. ಹುಳದ ಜೊತೆ ಕಲ್ಲೂ ಒಳಗೆ ಹೋಗುತ್ತದೆ. ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ದೊಡ್ಡದಾದ ಮೇಲೆ ನುಣ್ಣನೆಯ ಮರಳು ಹಾಕಬಹುದು, ಮರಿಗಳಿಗೆ ಬರೀ ಗಾಜೇ ಸರಿ. ಅಡಗಿಕೊಳ್ಳಲು ನಾಲ್ಕು ಇಂಚಿನ ಪಿವಿಸಿ ಪೈಪಿನ ಎರಡು ತುಂಡು, ಅಂಚು ಉಜ್ಜಿ ನುಣ್ಣಗೆ ಮಾಡಿದ್ದು. ಇವಕ್ಕೆ ಕಣ್ಣಿನ ರೆಪ್ಪೆ ಇಲ್ಲ, ಬೆಳಕಾದರೆ ಮರೆ ಬೇಕೇ ಬೇಕು. ಟ್ಯಾಂಕಿಗೆ ಲೈಟ್ ತರಲೇ ಇಲ್ಲ. ಫಿಲ್ಟರ್ ಅಂದರೆ ಏರ್ ಪಂಪಿಗೆ ಸಿಕ್ಕಿಸಿದ ಎರಡು ಸ್ಪಂಜ್, ಅಷ್ಟೇ. ನೀರು ಜೋರಾಗಿ ಹರಿದರೆ ಇವು ಬಾಲದ ತುದಿ ಮಡಚಿ, ಕಿವಿರು ಮುಂದಕ್ಕೆ ಬಾಗಿಸಿ ಮುದುಡಿ ಕೂರುತ್ತವೆ.

ಇನ್ನು ನೀರು. ಪ್ರಾಣಿ ಬಿಡುವ ಮೊದಲು ಟ್ಯಾಂಕನ್ನು ಸೈಕಲ್ ಮಾಡಬೇಕು, ಅಂದರೆ ಗಲೀಜು ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳಬೇಕು. ಅದರ ಹೇಲಿನಿಂದ, ಕಿವಿರಿನಿಂದ ಬರುವ ಅಮೋನಿಯ ವಿಷ. ಸ್ಪಂಜಿನಲ್ಲಿ ಬೆಳೆಯುವ ಒಂದು ಬಗೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೆಡುಕಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಯಲು ಖಾಲಿ ಟ್ಯಾಂಕಿಗೇ ಅಮೋನಿಯ ಊಡಬೇಕು. ನಾನು ಹಾಕಿದ್ದು ಅಮೋನಿಯಂ ಕ್ಲೋರೈಡ್. ಅಂದರೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೇ, ಆದರೆ ಲ್ಯಾಬಿನ ಸಾಮಾನು ಮಾರುವ ಅಂಗಡಿಯ ಶುದ್ಧವಾದದ್ದು. 150 ಲೀಟರಿಗೆ 0.9 ಗ್ರಾಂ ಹಾಕಿದರೆ ಎರಡು ಪಿಪಿಎಂ, ಅಂದರೆ ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬೇಕು.

ನವೆಂಬರಿನಲ್ಲಿ ನಮ್ಮ ಬಾವಿ ನೀರು ತುಂಬಿ ಶುರು ಮಾಡಿದೆ. ಮೂರು ವಾರಕ್ಕೆ ಅಮೋನಿಯ ಇಳಿಯಿತು, ನೈಟ್ರೈಟ್ ಏರಿತು. ಖುಷಿಯಾಗಿ ಮತ್ತೆ ಮತ್ತೆ ಅಮೋನಿಯ ಹಾಕಿದೆ. ಆಮೇಲೆ ಎಲ್ಲ ನಿಂತೇ ಹೋಯಿತು. ದಿನಾ ಸಂಜೆ ಟೆಸ್ಟ್ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರೆ ಅಮೋನಿಯಕ್ಕೆ ಅದೇ ಹಸಿರು, ನೈಟ್ರೈಟಿಗೆ ಅದೇ ನೇರಳೆ. ಮಾರಿದವರಿಗೆ ಫೋನ್ ಮಾಡಿದರೆ "ಎರಡು ವಾರ ಸಾಕು ಮೇಡಂ, ಬಿಟ್ಬಿಡಿ, ಏನೂ ಆಗಲ್ಲ" ಅಂದರು. ಚಳಿಗೆ ಬ್ಯಾಕ್ಟೀರಿಯಾ ನಿಧಾನವಾಗಿರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡು ಇನ್ನೂ ಎರಡು ವಾರ ಕಾದೆ. ಚಳಿಗೆ ನಿಧಾನವಾಗುವುದು ನಿಜ. ಆದರೆ ಇದು ನಿಧಾನ ಅಲ್ಲ, ಪೂರ್ತಿ ನಿಂತದ್ದು.

ಕೊನೆಗೆ ಪಿಎಚ್ ನೋಡಿದೆ. ಏಳಕ್ಕಿಂತ ಕೆಳಗೆ ಇಳಿದಷ್ಟೂ ನೀರು ಹುಳಿ ಅಂತ ಲೆಕ್ಕ. ಹಳದಿ. ಕಿಟ್ಟಿನ ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ ಬಣ್ಣವೇ ಇಲ್ಲ, 6 ಅಥವಾ ಅದಕ್ಕೂ ಕಡಿಮೆ. ಕೆಎಚ್ ಟೆಸ್ಟ್ ಮಾಡಿದೆ, ನೀರಿಗೆ ಹುಳಿ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅಂತ ನೋಡಲು. ಅದರಲ್ಲಿ ಹನಿ ಹನಿ ದ್ರಾವಣ ಬಿಡುತ್ತಾ ಹೋಗಬೇಕು. ಮೊದಲು ನೀಲಿ ಬರುತ್ತದೆ, ಎಷ್ಟನೇ ಹನಿಗೆ ಹಳದಿಯಾಯಿತೋ ಅಷ್ಟು ಡಿಗ್ರಿ. ನನ್ನದು ನೀಲಿ ಬರಲೇ ಇಲ್ಲ. ಮೊದಲ ಹನಿಗೇ ಹಳದಿ. ಬಾವಿಯಿಂದ ಆಗಷ್ಟೇ ಸೇದಿದ ನೀರಿಗೂ ಒಂದೇ ಹನಿ.

ಅಪ್ಪ ಅಲ್ಲೇ ನಿಂತು ನೋಡುತ್ತಿದ್ದರು. "ಹುಳಿ ಆಗಿದೆ ಅಂತಿದೀಯ. ತೋಟದ ಮಣ್ಣು ಹುಳಿಯಾದ್ರೆ ಏನ್ ಮಾಡ್ತೀವಿ ಮಾರಾಯ್ತಿ? ಸುಣ್ಣ ಹಾಕಲ್ವಾ?"

ಇಷ್ಟೇ ವಿಷಯ. ಇಷ್ಟು ಮಳೆ ಬಿದ್ದು ಸುಣ್ಣದ ಅಂಶವೆಲ್ಲ ತೊಳೆದುಹೋದ ಮಣ್ಣು ನಮ್ಮದು. ಆ ಮಣ್ಣಿನ ಬಾವಿಯ ನೀರೂ ಹಾಗೇ, ಮೆದು. ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ನೊರೆ ಬರುತ್ತದೆ ಅಂತ ನಾವು ಹೆಮ್ಮೆ ಪಡುವ ನೀರು. ಆದರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಆಮ್ಲ ಹುಟ್ಟುತ್ತದೆ, ಕೆಎಚ್ ಖರ್ಚಾಗುತ್ತದೆ. ಎರಡು ಪಿಪಿಎಂ ಅಮೋನಿಯಕ್ಕೆ ಸುಮಾರು ಮುಕ್ಕಾಲು ಡಿಗ್ರಿ. ನನ್ನ ಹತ್ತಿರ ಇದ್ದದ್ದೇ ಒಂದು. ಅದು ಮುಗಿಯಿತು, ಪಿಎಚ್ ಕುಸಿಯಿತು, ಬ್ಯಾಕ್ಟೀರಿಯಾ ಕೈಕಟ್ಟಿ ಕೂತವು. ಸಾಲದ್ದಕ್ಕೆ ಆಕ್ಸೊಲಾಟಲ್‌ಗೂ ಮೆದು ನೀರು ಆಗುವುದಿಲ್ಲ. ಸ್ವಲ್ಪ ಗಡಸು ನೀರೇ ಬೇಕು, ಪಿಎಚ್ ಏಳೂವರೆ ಆಸುಪಾಸು.

ಸುಣ್ಣವನ್ನೇ ತಂದು ಸುರಿಯಬೇಡಿ ಮತ್ತೆ. ಎಲೆಯಡಿಕೆಯ ಸುಣ್ಣ ಒಂದು ಚಮಚ ಬಿದ್ದರೂ ಪಿಎಚ್ ಎಲ್ಲಿಗೋ ಹಾರುತ್ತದೆ. ತಕ್ಷಣಕ್ಕೆ ಅಡುಗೆ ಸೋಡಾ ಹಾಕಿದೆ, 50 ಲೀಟರಿಗೆ ಒಂದು ಟೀ ಚಮಚ. ಮೂರು-ನಾಲ್ಕು ಡಿಗ್ರಿ ಕೆಎಚ್ ಏರಿತು. ಇದನ್ನು ಮಾಡಿದ್ದು ಖಾಲಿ ಟ್ಯಾಂಕಿನಲ್ಲಿ. ಪ್ರಾಣಿ ಇದ್ದು, ನೀರಿನಲ್ಲಿ ಅಮೋನಿಯವೂ ಇದ್ದಾಗ ಪಿಎಚ್ ದಿಢೀರ್ ಏರಿಸಿದರೆ ಆ ಅಮೋನಿಯ ಇನ್ನೂ ವಿಷವಾಗುತ್ತದೆ.

ದಿನಾ ಸೋಡಾ ಹಾಕುತ್ತಾ ಕೂರಲು ಆಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ ಕೂಡ ಇಲ್ಲ. ಮಂಗಳೂರಿನ ಅತ್ತೆ ನೆನಪಾದರು. ಅವರ ಮನೆಯಲ್ಲಿ ಮರುವಾಯಿ (ಕರಾವಳಿಯವರು ತಿನ್ನುವ ಚಿಪ್ಪುಜೀವಿ) ಸುಕ್ಕ ಮಾಡಿದ ದಿನ ಹಿತ್ತಲಲ್ಲಿ ಚಿಪ್ಪಿನ ರಾಶಿ. ಆ ಚಿಪ್ಪೂ ಸುಣ್ಣದ ಅಂಶವೇ ಅಲ್ವಾ. ಒಂದು ಚೀಲ ಬಸ್ಸಿಗೆ ಹಾಕಿ ಕಳಿಸಿದರು. ವಾಸನೆ ಹೋಗುವವರೆಗೆ ಎರಡು ಸಲ ಕುದಿಸಿ, ಉಜ್ಜಿ, ಒಣಗಿಸಿ, ಒರಳಲ್ಲಿ ಜಜ್ಜಿದೆ. ಕಾಲು ಕೆಜಿಯಷ್ಟನ್ನು ಸೊಳ್ಳೆಪರದೆಯ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಸ್ಪಂಜಿನ ಗುಳ್ಳೆ ಏಳುವ ಜಾಗದಲ್ಲಿ ಇಳಿಬಿಟ್ಟೆ. ಚೂರು ಹೊರಗೆ ಬಿದ್ದರೆ ಅದನ್ನೂ ನುಂಗುತ್ತವೆ, ಗಂಟು ಭದ್ರವಾಗಿರಬೇಕು. ನೀರು ಹುಳಿಯಾದಷ್ಟೂ ಚಿಪ್ಪು ಬೇಗ ಕರಗುತ್ತದೆ, ಹುಳಿ ಇಳಿದ ಮೇಲೆ ತಾನೇ ನಿಧಾನವಾಗುತ್ತದೆ. ಸೋಡಾಕ್ಕಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ. ವಾರದ ನೀರು ಬದಲಿಗೂ ಬಾವಿ ನೀರನ್ನು ನೇರ ಸುರಿಯುವುದಿಲ್ಲ. ನೀಲಿ ಡ್ರಮ್ಮಿನಲ್ಲಿ ಇನ್ನೊಂದು ಚಿಪ್ಪಿನ ಗಂಟು, ಏರ್ ಪಂಪ್ ಹಾಕಿ ವಾರ ಮೊದಲೇ ಇಟ್ಟಿರುತ್ತೇನೆ.

ಅಷ್ಟರಲ್ಲಿ ಬುಕ್ ಮಾಡಿದ್ದ ಮರಿಗಳು ಬಂದೇ ಬಿಟ್ಟವು. ಟ್ಯಾಂಕ್ ತಯಾರಿಲ್ಲ. ಮೂರು ವಾರ ಎರಡು ಬೇಸಿನ್ನಿನಲ್ಲಿ ಸಾಕಿದೆ, ಬೆಳಿಗ್ಗೆ ಕಾಫಿಗೆ ಮೊದಲು ಪೂರ್ತಿ ನೀರು ಬದಲಿ. ಒಂದಕ್ಕೊಂದು ಬೇರೆ, ಯಾಕೆಂದರೆ ಮರಿಗಳು ಎದುರಿಗೆ ಅಲ್ಲಾಡಿದ್ದನ್ನೆಲ್ಲ ಕಚ್ಚುತ್ತವೆ, ಪಕ್ಕದವನ ಕಾಲನ್ನೂ. ಕಾಲು ಮತ್ತೆ ಬೆಳೆಯುತ್ತದೆ, ನಿಜ. ಹಾಗಂತ ಕಚ್ಚಿಸಬೇಕೆಂದಿಲ್ಲ. ಹಾಕಿದ ಎರಡು ಪಿಪಿಎಂ ಅಮೋನಿಯ ಒಂದೇ ದಿನದಲ್ಲಿ ಸೊನ್ನೆ, ನೈಟ್ರೈಟೂ ಸೊನ್ನೆ ಅಂತ ಎರಡು ಸಲ ಖಾತ್ರಿಯಾದ ಮೇಲೆ ಅರ್ಧಕ್ಕಿಂತ ಜಾಸ್ತಿ ನೀರು ತೆಗೆದು ಹೊಸದು ತುಂಬಿದೆ. ಇಬ್ಬರೂ ಒಂದೇ ಅಳತೆ, ಆದರೂ ಕೆಲವು ತಿಂಗಳು ನಡುವೆ ಜಾಲರಿ ಅಡ್ಡ ಇಟ್ಟೇ ಬಿಟ್ಟದ್ದು.

ಊಟಕ್ಕೆ ಎರೆಹುಳ. ತೋಟ ಇದೆಯಲ್ಲ ಅಂತ ಅಗೆದು ತರಲು ಹೋಗಲಿಲ್ಲ. ವರ್ಷಾ ವರ್ಷ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಮಣ್ಣು, ಮೈಲುತುತ್ತದ ತಾಮ್ರ ಇವಕ್ಕೆ ಆಗದು. ಎರೆಗೊಬ್ಬರದ ತೊಟ್ಟಿಯಿಂದ ಯೂಡ್ರಿಲಸ್ ಹುಳ ತಂದು ಬೇರೆ ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ ಹಾಕಿ ಸಾಕಿದ್ದೇನೆ. ಕೆಂಪನೆ ಸಣ್ಣ ಐಸೀನಿಯಾ ಹುಳವನ್ನು ಬಾಯಿಗಿಟ್ಟು ಥೂ ಅಂತ ಉಗಿದವು. ಅದು ಕಹಿ.

ಸೆಕೆ ಬಂದದ್ದು ಏಪ್ರಿಲ್‌ನಲ್ಲಿ. ಮಧ್ಯಾಹ್ನ ಟ್ಯಾಂಕ್ 25 ಮುಟ್ಟಿತು. ನೀರಿನ ಮೇಲೆ ಬೀಸುವ ಹಾಗೆ ಎರಡು ಪುಟ್ಟ ಫ್ಯಾನ್ ಕಟ್ಟಿದೆ, ಆವಿಯಾಗುವ ನೀರೇ ತಂಪು ಮಾಡುತ್ತದೆ. ಮೂರು ಡಿಗ್ರಿ ಇಳಿಯಿತು. ಉಳಿದದ್ದಕ್ಕೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ, ಸರದಿಯ ಮೇಲೆ. ಕರೆಂಟ್ ಹೋದರೆ ಫ್ಯಾನೂ ಏರ್ ಪಂಪೂ ಇನ್ವರ್ಟರ್ ಮೇಲೆ. ಹಾಸನ, ಚಿಕ್ಕಮಗಳೂರು ಪೇಟೆಯ ಆರ್‌ಸಿಸಿ ಮನೆಯಾದರೆ ಇಷ್ಟರಲ್ಲಿ ಸುಧಾರಿಸುವುದು ಅನುಮಾನ, ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಹಾಕಿಸಲೇಬೇಕಾದೀತು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಕೆಲಸ ಬೇರೆ.

ಕಾಗದದ ಕೆಲಸವೂ ಒಂದಿದೆ. ಆಕ್ಸೊಲಾಟಲ್ ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು. ಬಿಲ್ ಇಲ್ಲದೆ ಮಾರುವವರ ಹತ್ತಿರ ಹೋಗಬೇಡಿ.

ಈಗ ಮಳೆ ಹಿಡಿದಿದೆ. ಟ್ಯಾಂಕ್ 19ಕ್ಕೆ ನಿಂತಿದೆ, ಫ್ಯಾನ್ ಅಟ್ಟ ಸೇರಿದೆ. ನಿನ್ನೆ ಕೆಎಚ್ ನೋಡಿದರೆ ಐದನೇ ಹನಿಗೆ ಹಳದಿ. ಚಿಪ್ಪಿನ ಗಂಟು ಮಾತ್ರ ಅರ್ಧಕ್ಕೆ ಇಳಿದಿದೆ. ಅತ್ತೆಗೆ ಫೋನ್ ಮಾಡಿ, ಮುಂದಿನ ಸಲ ಮರುವಾಯಿ ತಂದಾಗ ಚಿಪ್ಪು ಎಸೀಬೇಡಿ ಅಂತ ಹೇಳಬೇಕು.