‘ಸಾರು’ ಪದಕ್ಕೆ ಒಂದು ‘ತ್’ ಸೇರಿಸಿದ ಮೇಲೆ

ಮೂರು ವರ್ಷದ ಹಿಂದೆ ಆಂಧ್ರದ ಒಂದು ಸಭೆಯಲ್ಲಿ ಹಾಡಿ ವೇದಿಕೆ ಇಳಿದಾಗ, ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಂದು ‘ಗೊಂತು ಬಾಗುಂದಮ್ಮಾ’ ಅಂದರು. ಗಂಟಲು ಚೆನ್ನಾಗಿದೆ ಅಂತ. ಮುಂದೆ ಏನಾದರೂ ಹೇಳುತ್ತಾರೆ ಅಂತ ಕಾದೆ. ರಾಗದ ಸುದ್ದಿ ಇಲ್ಲ, ಸ್ವರದ ಸುದ್ದಿ ಇಲ್ಲ. ಯಾವ ಊರು ಅಂತ ಕೇಳಿದರು. ಮೈಸೂರು ಅಂದೆ. ‘ಓಹೋ, ಕನ್ನಡ’ ಅಂತ ನಕ್ಕು ಹೊರಟರು. ನನ್ನ ತೆಲುಗು ಉಚ್ಚಾರಣೆಗೆ ಬಂದ ಆ ನಗು ನನಗೆ ಸುಮಾರು ಇಪ್ಪತ್ತು ಸಾವಿರ ರೂಪಾಯಿ ಮತ್ತು ಒಂದೂವರೆ ವರ್ಷ ಖರ್ಚು ಮಾಡಿಸಿತು.

ಇದನ್ನು ಓದುವವರು ಹಾಡುವವರೇ ಆಗಿರುತ್ತೀರಿ. ತ್ಯಾಗರಾಜರ ಐದು ಪಂಚರತ್ನ ಕೃತಿಗಳಲ್ಲಿ ನಾಟ ರಾಗದ್ದು ಸಂಸ್ಕೃತ, ಮಿಕ್ಕ ನಾಲ್ಕೂ ತೆಲುಗು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಪುಸ್ತಕದಲ್ಲಿ ಐದಕ್ಕೂ ಒಂದೇ ಕನ್ನಡ ಲಿಪಿ, ಬಾಯಲ್ಲೂ ಐದಕ್ಕೂ ಒಂದೇ ‘ಚ’. ಅಲ್ಲೇ ಎಡವಟ್ಟು. ತೆಲುಗಿನವರ ಬಾಯಲ್ಲಿ ‘ಚ’ ಎರಡು, ‘ಜ’ ಎರಡು. ಇ, ಎ ಬಂದರೆ ನಮ್ಮದೇ ಚಿ, ಚೆ. ಅಚ್ಚ ತೆಲುಗು ಮಾತಿನಲ್ಲಿ ಅ, ಉ, ಒ ಬಂದರೆ ನಾಲಿಗೆ ಹಲ್ಲಿನ ಹತ್ತಿರ ಹೋಗಿ ತ್ಸ, ದ್ಜ಼ ಆಗುತ್ತದೆ. ಚಿನ್ನಯಸೂರಿಗಳ ಬಾಲವ್ಯಾಕರಣ ಅನ್ನುವ ತೆಲುಗು ವ್ಯಾಕರಣದಲ್ಲಿ ಇದಕ್ಕೆ ಸೂತ್ರವೇ ಇದೆ. ಸೂತ್ರ ಬಾಯಿಪಾಠ ಮಾಡೋಕೆ ನನಗೆ ಒಂದು ಸಂಜೆ ಸಾಕಾಯಿತು. ನಾಲಿಗೆ ಮಾತ್ರ ಮಾತು ಕೇಳಲಿಲ್ಲ.

ಗುರುಗಳ ಹತ್ತಿರ ಹೇಳಿಕೊಂಡೆ. ‘ಪಾಠಾಂತರದಲ್ಲಿ, ಗುರುಪರಂಪರೆಯಿಂದ ಬಂದ ಪಾಠದಲ್ಲಿ, ಏನಿದೆಯೋ ಅದನ್ನ ಹಾಡಮ್ಮ. ತೆಲುಗಿನವರ ಥರ ಹಾಡೋಕೆ ಹೋಗಿ ಶ್ರುತಿ ಕಳ್ಕೋಬೇಡ’ ಅಂದರು. ಜೊತೆಯಲ್ಲಿ ಹಾಡುವ ಗೆಳತಿಯ ವಾದ ಇನ್ನೂ ಗಟ್ಟಿ. ‘ಸಾಹಿತ್ಯ ಹುಟ್ಟಿದ್ದು ಕಾವೇರಿ ದಡದಲ್ಲಿ, ಉಳಿಸಿದ್ದು ತಮಿಳುನಾಡಿನ ಶಿಷ್ಯರು. ತಿರುವೈಯಾರಿನ ಸಾಹಿತ್ಯಕ್ಕೆ ಆಂಧ್ರದ ಕಡಪದ ನಾಲಿಗೆ ಯಾಕೆ ಹಚ್ತೀಯ?’ ಈ ಪ್ರಶ್ನೆ ಹಗುರದ್ದಲ್ಲ. ಆದರೆ ಬರೆದವರ ಮನೆಮಾತು ತೆಲುಗು; ಕೇಳಿ ನಕ್ಕವರ ಮನೆಮಾತೂ ತೆಲುಗು. ನನಗೆ ಅಷ್ಟು ಸಾಕಿತ್ತು.

ಮೊದಲು ಆನ್‌ಲೈನ್ ಪಾಠಕ್ಕೆ ಸೇರಿದೆ. ಗಂಟೆಗೆ ನಾನೂರೈವತ್ತು, ಹದಿನಾಲ್ಕೋ ಹದಿನೈದೋ ಕ್ಲಾಸು. ಕಲಿಸುವಾಕೆ ಒಳ್ಳೆಯವರೇ. ಇಂಟರ್ನೆಟ್ ಕೈಕೊಟ್ಟಾಗಲೆಲ್ಲ ಫೋನಿನಲ್ಲಿ ಪಾಠ. ಅವರು ‘ತ್ಸಾಪ’ ಅಂದರೆ ನನಗೆ ಒಮ್ಮೆ ಚಾಪ, ಒಮ್ಮೆ ಸಾಪ. ನಾನು ಚಾಪ ಅಂದರೂ ಅವರು ‘ಕರೆಕ್ಟ್, ಕರೆಕ್ಟ್’ ಅನ್ನೋರು. ಕಾರಣ ಆಮೇಲೆ ಹೊಳೆಯಿತು. ತ್ಸ, ಚ, ಸ ಈ ಮೂರನ್ನೂ ಬೇರೆ ಮಾಡುವುದು ಮೇಲಿನ ಸೀಟಿಯಂಥ ಸದ್ದು. ಮಾಮೂಲಿ ಫೋನು ಅದನ್ನೇ ಕತ್ತರಿಸಿ ಕಳಿಸುತ್ತದೆ. ಆರು ಸಾವಿರಕ್ಕೂ ಮೇಲೆ ಹೋದದ್ದು ಹೀಗೆ. ವ್ಯಂಜನವನ್ನು ಎದುರಿಗೆ ಕೂತು ಕಲಿಯಿರಿ, ಬೇಕಿದ್ದರೆ ರಾಗ ಫೋನಿನಲ್ಲಿ ಕಲಿಯಿರಿ.

ಆಮೇಲೆ ಲಿಪಿ ಕಲಿತೆ. ನಮಗೆ ತೆಲುಗು ಲಿಪಿ ಅಂದರೆ ಸೋದರತ್ತೆ ಮನೆ. ತಲೆಕಟ್ಟು ಸ್ವಲ್ಪ ಬೇರೆ, ಕ ಮತ್ತು ತ ಸ್ವಲ್ಪ ಸತಾಯಿಸುತ್ತವೆ, ಎರಡು ವಾರಕ್ಕೆ ಓದೋಕೆ ಬಂತು. ಲಾಭ ಮಾತ್ರ ಸೊನ್ನೆ, ಯಾಕೆಂದರೆ ಅಲ್ಲೂ ಎರಡು ಉಚ್ಚಾರಣೆಗೆ ಒಂದೇ ಅಕ್ಷರ. ಲಾಭ ಇರಲಿ, ನಷ್ಟವೂ ಆಯಿತು. ಸಾವಿರ ಚಿಲ್ಲರೆ ಕೊಟ್ಟು ತಂದ ಹಳೆಯ ಪುಸ್ತಕದಲ್ಲಿ ಅರಸುನ್ನ ಇತ್ತು, ಅರ್ಧ ಸೊನ್ನೆ. ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ನಾನು ಅದನ್ನು ಪೂರ್ತಿ ಸೊನ್ನೆ ಅಂದುಕೊಂಡು ‘ವಾಡು’ ಅನ್ನುವುದನ್ನು ‘ವಾಂಡು’ ಅಂತ ಎರಡು ತಿಂಗಳು ಸಾಧನೆ ಮಾಡಿದೆ. ಬಿಡಿಸೋಕೆ ನಾಲ್ಕು ತಿಂಗಳು ಬೇಕಾಯಿತು.

ಫೋನಿನ ವಾಯ್ಸ್ ಟೈಪಿಂಗ್‌ನಲ್ಲಿ ಪರೀಕ್ಷೆ ಮಾಡಿಕೊಂಡರೆ ಹೇಗೆ ಅಂತ ಒಂದು ಐಡಿಯಾ ಬಂತು. ತೆಲುಗಿಗೆ ಇಟ್ಟು ಮಾತಾಡಿದೆ. ಎಲ್ಲವೂ ಪಾಸ್! ಕುಣಿದಾಡಿದೆ. ಎರಡು ದಿನ ಬಿಟ್ಟು ಹೊಳೆಯಿತು: ಬರೆಯೋಕೆ ಒಂದೇ ಅಕ್ಷರ ಇರುವಾಗ ಅದು ನನ್ನ ತಪ್ಪನ್ನು ತೋರಿಸುವುದಾದರೂ ಹೇಗೆ? ಇದರ ನಡುವೆ ಎಂಟು ಸಾವಿರದ ಒಂದು ರೆಕಾರ್ಡರ್ ಬೇರೆ ತಗೊಂಡೆ. ಅದರ ಅವಶ್ಯಕತೆಯೇ ಇರಲಿಲ್ಲ. ಈಗ ಮಗ ಅದರಲ್ಲಿ ಬೆಕ್ಕಿನ ಗುರುಗುರು ರೆಕಾರ್ಡ್ ಮಾಡುತ್ತಾನೆ.

ತ್ಸ ಹುಡುಕೋಕೆ ‘ಉತ್ಸವ’ದಿಂದ ಶುರು ಮಾಡಿ, ಉ ತೆಗೆದರೆ ಆಯಿತಲ್ಲ ಅಂದುಕೊಂಡೆ. ಉ ತೆಗೆದ ಕೂಡಲೇ ಬಾಯಲ್ಲಿ ‘ತಸವ’ ಅಂತ ಒಡೆಯುತ್ತದೆ, ಇಲ್ಲವೇ ‘ಸವ’ ಅಂತ ಜಾರುತ್ತದೆ. ಧಾರವಾಡದ ಗೆಳತಿ ಮರಾಠಿಯ ‘ತ್ಸಾಂಗಲಾ’ ಹೇಳಿಕೊಟ್ಟಳು. ಆವತ್ತಿಡೀ ಬಂತು, ಮಾರನೇ ಬೆಳಿಗ್ಗೆ ಎದ್ದರೆ ಮಾಯ.

ಕಡೆಗೆ ದಾರಿ ತೋರಿಸಿದವರು ನಮ್ಮ ಎದುರು ಮನೆಯ ಅಜ್ಜಿ. ಪ್ರೊದ್ದಟೂರಿನ ಕಡೆಯವರು, ಮಗಳ ಮನೆಗೆ ಬಂದಿದ್ದವರು, ಸಂಗೀತದ ಗಂಧವಿಲ್ಲ. ಒಂದು ಮಧ್ಯಾಹ್ನ ಬಾಗಿಲಿಗೆ ಬಂದು ‘ತ್ಸಾರು ಪೆಟ್ಟಾನು, ಕೊಂಚೆಂ ತೀಸುಕೆಳ್ಳಮ್ಮಾ’ ಅಂದರು. ಸಾರು ಮಾಡಿದ್ದೀನಿ, ಸ್ವಲ್ಪ ತಗೊಂಡು ಹೋಗಮ್ಮ ಅಂತ. ಪಾತ್ರೆ ಹಿಡಿದು ಹಾಗೇ ನಿಂತುಬಿಟ್ಟೆ. ತ್ಸಾರು! ನಮ್ಮ ಸಾರೇ. ಮುಂದೊಂದು ‘ತ್’, ಅಷ್ಟೇ. ಅದೇ ಉಸಿರಿನಲ್ಲಿ ‘ಕೊಂಚೆಂ’ನಲ್ಲಿ ನಮ್ಮ ಮಾಮೂಲಿ ಚೆ.

ಆವತ್ತು ರಾತ್ರಿ ನೋಟ್‌ಬುಕ್ ತೆಗೆದು ಕೂತೆ. ಸಾವು ಅವರಿಗೆ ತ್ಸಾವು. ಸಾಲು ಅವರಿಗೆ ತ್ಸಾಲು; ಸಾಕು ಅನ್ನೋಕೂ ಅದೇ ತ್ಸಾಲು. ಸುತ್ತು ಅಂದರೆ ತ್ಸುಟ್ಟು. ಇನ್ನೊಂದು ಕಡೆ ನಮ್ಮ ಕಿವಿ ಅವರಿಗೆ ಚೆವಿ, ಕೆರೆ ಚೆರುವು, ಕೈ ಚೆಯ್ಯಿ. ಅಂದರೆ ನಮ್ಮಲ್ಲಿ ಸ ಇದ್ದ ಕಡೆ ಅವರಲ್ಲಿ ತ್ಸ, ನಮ್ಮಲ್ಲಿ ಕ ಇದ್ದ ಕಡೆ ಸಾದಾ ಚ. ಎಲ್ಲ ಮಾತಿಗೂ ನಡೆಯುವ ಸೂತ್ರ ಅಲ್ಲ ಇದು, ಭಾಷಾವಿಜ್ಞಾನದವರು ಬೈಯಬೇಡಿ. ನನ್ನ ನಾಲಿಗೆಗಂತೂ ಹಿಡಿಯೋಕೆ ಒಂದು ಕೊಂಬೆ ಸಿಕ್ಕಿತು. ಇಷ್ಟು ದಿನ ‘ಚ’ದಿಂದ ಹೊರಟು ತ್ಸ ಹುಡುಕುತ್ತಿದ್ದೆ. ಹೊರಡಬೇಕಾದದ್ದು ‘ಸ’ದಿಂದ. ‘ಸಾರು’ ಅನ್ನಲು ಬಾಯಿ ಸಿದ್ಧ ಮಾಡಿಕೊಂಡು, ಅನ್ನುವ ಮೊದಲು ನಾಲಿಗೆಯ ತುದಿ ಒಂದು ಚಿಟಿಕೆ ಹಲ್ಲಿನ ಹಿಂದೆ ತಾಗಿಸಿ ಬಿಡಿ. ಹತ್ತು ದಿನದಲ್ಲಿ ಬಂತು.

ಬಂದದ್ದೇ ಇನ್ನೊಂದು ಅನಾಹುತವಾಯಿತು. ಹೊಸ ಸೀರೆ ಉಟ್ಟವಳ ಹಾಗೆ ಕಂಡಕಂಡಲ್ಲಿ ತ್ಸ ಹಾಕತೊಡಗಿದೆ. ಬಡಾವಣೆಯ ರಾಮೋತ್ಸವದಲ್ಲಿ ‘ಚರಣ’ವನ್ನು ‘ತ್ಸರಣ’ ಅಂದೆ, ‘ಜನ’ರನ್ನು ‘ದ್ಜ಼ನ’ ಮಾಡಿದೆ. ಸಂಸ್ಕೃತದಿಂದ ಬಂದ ಮಾತಿನಲ್ಲಿ ಚ, ಜ ಇದ್ದ ಹಾಗೇ ಇರುತ್ತವೆ. ಸೂತ್ರದ ಆ ಭಾಗವನ್ನೇ ನುಂಗಿಬಿಟ್ಟಿದ್ದೆ. ಪಿಟೀಲಿನವರು ತಲೆ ಬಗ್ಗಿಸಿ ನಗು ತಡೆದುಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಅಜ್ಜಿಯ ಹತ್ತಿರ ‘ವತ್ಸಾಡು’ ಅಂದಾಗ ಅವರು ಕೂತಲ್ಲೇ ನಕ್ಕು ಅತ್ತರು. ‘ವಚ್ಚಾಡು’ ಅಂದರೆ ಬಂದ. ಬರೆಯುವುದು ‘ಚಾ’, ಬಾಯಲ್ಲಿ ಬರುವುದು ಬ್ಯಾಟಿನ ‘ಆ್ಯ’, ಆದ್ದರಿಂದ ಚ ನಮ್ಮದೇ ಚ. ಇಂಥದ್ದನ್ನು ಯಾವ ಕ್ಲಾಸಿನಲ್ಲೂ ಹೇಳಿರಲಿಲ್ಲ.

ಆಮೇಲೆ ಗುರುತು ಹಾಕುವುದನ್ನು ಕಲಿತೆ. ಹಳೆಯ ತೆಲುಗು ವ್ಯಾಕರಣಗಳಲ್ಲಿ ಹಲ್ಲಿನ ಚ, ಜಗಳ ತಲೆಯ ಮೇಲೆ ಪುಟ್ಟದೊಂದು ‘ಎರಡು’ ಅಂಕಿ ಇರುತ್ತದೆ. ನಾನೂ ನನ್ನ ಕನ್ನಡ ಪುಸ್ತಕದಲ್ಲಿ ಪೆನ್ಸಿಲಿನಿಂದ ಪುಟ್ಟ ೨ ಹಾಕುತ್ತಾ ಹೋದೆ. ಅನುಮಾನ ಬಂದರೆ ಬ್ರೌನ್ ಸಾಹೇಬರ ನಿಘಂಟು. ತೆಲುಗು ಕಲಿತು 1820ರಲ್ಲಿ ಕಡಪಕ್ಕೆ ಬಂದ ಇಂಗ್ಲಿಷ್ ಅಧಿಕಾರಿ, ಪುಣ್ಯಾತ್ಮ, 1852ರ ನಿಘಂಟಿನಲ್ಲಿ ತ್ಸ ಬರುವ ಮಾತುಗಳ ಪಕ್ಕ ರೋಮನ್ ಅಕ್ಷರದಲ್ಲಿ ಟಿ-ಎಸ್ ಅಂತಲೇ ಹಾಕಿದ್ದಾರೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನನಗೆ ಇದು ಮೊದಲೇ ಗೊತ್ತಿದ್ದಿದ್ದರೆ ಆ ಆರು ಸಾವಿರಕ್ಕೆ ಒಂದು ಒಳ್ಳೆಯ ಮೈಕ್ ಬರುತ್ತಿತ್ತು.

ಮೈಕ್ ಅಂದಾಗ ನೆನಪಾಯಿತು. ಮಾತಿನ ತ್ಸ ಬೇರೆ, ಹಾಡಿನ ತ್ಸ ಬೇರೆ. ಚೌಕ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಅದನ್ನು ಎಳೆದರೆ ಪ್ರೆಶರ್ ಕುಕ್ಕರ್ ಥರ ಸುಯ್ ಅನ್ನುತ್ತದೆ. ಸೌಂಡ್ ನೋಡಿಕೊಳ್ಳುವ ಹುಡುಗ ‘ಮೇಡಂ, ಸ್ಪೀಕರ್ ಹೋಗಿದೆಯೇನೋ’ ಅಂತ ವೈರ್ ಅಲ್ಲಾಡಿಸುತ್ತಿದ್ದ. ಇನ್ನೊಂದು ಕಷ್ಟ ಎಡುಪಿನದು, ತಾಳದಲ್ಲಿ ಸಾಹಿತ್ಯ ಶುರುವಾಗುವ ಜಾಗದ್ದು. ತಾಳದ ಪೆಟ್ಟಿನ ಮೇಲೆ ಸರಿಯಾಗಿ ತ್ಸ ಶುರು ಮಾಡಿದರೆ ಸ್ವರ ತಡವಾಗುತ್ತದೆ, ಮೃದಂಗದವರು ಕಣ್ಣು ಬಿಡುತ್ತಾರೆ. ಪೆಟ್ಟಿನ ಮೇಲೆ ಬೀಳಬೇಕಾದದ್ದು ಆ ಅಥವಾ ಊ. ತ್ಸ ಅದಕ್ಕಿಂತ ಕೂದಲೆಳೆ ಮುಂಚೆ ಮುಗಿದಿರಬೇಕು. ಇದಕ್ಕೆ ಮೂರು ತಿಂಗಳ ಸಾಧನೆ ಬೇಕಾಯಿತು, ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ, ಬರೀ ತಂಬೂರಿ ಆ್ಯಪ್ ಇಟ್ಟುಕೊಂಡು.

ದ್ಜ಼ ಇನ್ನೂ ಹಟಮಾರಿ. ನಮ್ಮ ಆಟೋ ಸಾಬರ ‘ಜ಼ರಾ’ದಿಂದ ಅರ್ಧ ದಾರಿ ಬಂತು. ಜೋಳಕ್ಕೆ ಅವರು ‘ದ್ಜ಼ೊನ್ನ’ ಅನ್ನುತ್ತಾರೆ, ಜಡೆಗೆ ‘ದ್ಜ಼ಡ’. ಜೀರಿಗೆ ಮಾತ್ರ ಸಾದಾ ‘ಜೀಲಕರ್ರ’. ಅಜ್ಜಿಯ ಅಡುಗೆ ಮನೆಯಲ್ಲಿ ಈ ಡಬ್ಬಿಗಳನ್ನೇ ಎತ್ತಿ ಎತ್ತಿ ಇಡುತ್ತಾ ಕಲಿತೆ. ಮಿಕ್ಕರ್ಧ ದಾರಿಗೆ ಬೇರೊಂದು ಉಪಾಯ ಕಂಡುಕೊಂಡಿದ್ದೇನೆ, ಅದು ನನ್ನ ಶಿಷ್ಯರಿಗೆ ಮೀಸಲು. ನನಗೂ ಹೊಟ್ಟೆಪಾಡು ನಡೆಯಬೇಕಲ್ಲ.

ಣ, ನ ಕಥೆ ಚಿಕ್ಕದು. ನಮ್ಮ ಕಣ್ಣು ಅವರಿಗೆ ಕನ್ನು, ಮಣ್ಣು ಮನ್ನು, ಬೆಣ್ಣೆ ವೆನ್ನ. ಕಣ್ಣಿಗೆ ‘ನ್ನ’ ಕಂಡರೂ ಕನ್ನಡದ ನಾಲಿಗೆ ತಾನೇ ಮಡಚಿಕೊಂಡು ‘ಣ್ಣ’ ಮಾಡಿಬಿಡುತ್ತದೆ. ವಾರಗಟ್ಟಲೆ ಕನ್ನಡಿ ಮುಂದೆ ಕೂತೆ. ಮಹಾಪ್ರಾಣದ ಬಗ್ಗೆ ಹೇಳುವಂಥದ್ದು ಏನಿಲ್ಲ, ಮೈಸೂರಿನವರಿಗೆ ಅದು ಮನೆ ಆಸ್ತಿ.

ಒಟ್ಟು ಖರ್ಚಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಅಜ್ಜಿಗೆ ಯುಗಾದಿಗೆ ಕೊಟ್ಟ ಸಾವಿರದ ನೂರು ರೂಪಾಯಿಯ ಸೀರೆ, ವಾರಕ್ಕೊಂದು ಮೊಳ ಮಲ್ಲಿಗೆ. ದುಡ್ಡು ಕೊಡೋಕೆ ಹೋದರೆ ‘ತ್ಸಾಲಮ್ಮಾ’ ಅಂತ ಕೈ ತಳ್ಳಿಬಿಡುತ್ತಿದ್ದರು. ‘ಸಾರು ಇಸ್ಕೊಂಡು ಬಂದು ತ್ಯಾಗರಾಜರ ಸಾಹಿತ್ಯ ತಿದ್ದುತ್ತಾಳಂತೆ’ ಅಂತ ಆಡಿಕೊಂಡವರಿದ್ದರು. ಈ ಸಲ ಪುಷ್ಯ ಬಹುಳ ಪಂಚಮಿಗೆ, ತ್ಯಾಗರಾಜರ ಆರಾಧನೆಗೆ, ಹೈದರಾಬಾದಿನಿಂದ ಬಂದಿದ್ದ ದಂಪತಿ ಗೋಷ್ಠಿಗಾಯನ ಮುಗಿದ ಮೇಲೆ ನನ್ನ ಹತ್ತಿರವೇ ಬಂದು ‘ಮೀದಿ ಏ ಊರು?’ ಅಂತ ತೆಲುಗಿನಲ್ಲಿ ಕೇಳಿದರು. ಆಡಿಕೊಂಡವರಲ್ಲಿ ಇಬ್ಬರು ಪಕ್ಕದಲ್ಲೇ ಇದ್ದರು. ಉತ್ತರವನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

ಅಜ್ಜಿ ಈಗ ಊರಿಗೆ ಹೋಗಿದ್ದಾರೆ. ಮೂರನೇ ಕಾಲದ ವೇಗದಲ್ಲಿ ನನ್ನ ದ್ಜ಼ ಇನ್ನೂ ಜ಼ ಆಗಿ ಜಾರುತ್ತದೆ. ಫೋನಿನಲ್ಲಿ ತೋರಿಸಿದರೆ ಅವರಿಗೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಪ್ರೊದ್ದಟೂರಿಗೆ ರೈಲು ನೋಡುತ್ತಿದ್ದೇನೆ.