ನಸುಕಿನ ಐದೂವರೆಗೆ ಹಳ್ಳದ ನೀರು

ನಮ್ಮ ಬಡಾವಣೆಯ ಹಿಂದಿನ ಹಳ್ಳ ಒಂದೂಕಾಲು ಕಿಲೋಮೀಟರ್ ಇದೆ, ಅಷ್ಟೇ. ಮೇಲಿನ ಕೆರೆಯ ಕೋಡಿಯಿಂದ ಹೊರಟು ಕೆಳಗಿನ ಕೆರೆ ಸೇರುತ್ತದೆ. ಪೂರ್ವ ಬೆಂಗಳೂರಿನ ಹಳ್ಳಗಳ ಹಾಗೆ ಇದರ ನೀರೂ ಕೊನೆಗೆ ದಕ್ಷಿಣ ಪಿನಾಕಿನಿಗೆ. ಹೂಳೆತ್ತಿ, ಕಾಂಕ್ರೀಟ್ ಗೋಡೆಯ ಬದಲು ದಂಡೆಗೆ ಲಾವಂಚ ನೆಟ್ಟ ಮೇಲೆ, ನೀರು ನಿಜಕ್ಕೂ ಸುಧಾರಿಸಿದೆಯೇ ಎಂದು ನೋಡುವ ಕೆಲಸ ನಾನು ಹೊತ್ತುಕೊಂಡೆ.

ಕರಗಿದ ಆಮ್ಲಜನಕ ಅಳೆಯಲು ವಿಂಕ್ಲರ್ ವಿಧಾನ ಕಲಿತೆ. 300 ಮಿಲಿ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ನೀರೊಳಗೆ ಮುಳುಗಿಸಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೊಡೈಡ್ ಹಾಕಿ ಬಿರಡೆ ಮುಚ್ಚಿ ಅಲುಗಿಸಿದರೆ, ಆಮ್ಲಜನಕ ಇದ್ದಲ್ಲಿ ಕಂದು ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಬಿಳಿ. ಲೀಟರಿಗೆ ಎಷ್ಟು ಎಂಬ ಅಂಕಿ ತೆಗೆಯುವ ಆಮ್ಲ, ಥಯೋಸಲ್ಫೇಟ್, ಪಿಷ್ಟದ ಲೆಕ್ಕವೆಲ್ಲ ಆಮೇಲಿನದು.

ಆರು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಹೋದೆ. ಲೀಟರಿಗೆ 8, 9, ಒಮ್ಮೆ 11 ಮಿಲಿಗ್ರಾಂ. ಗೆದ್ದೆವು ಎಂದುಕೊಂಡು ಎಲ್ಲರಿಗೂ ತೋರಿಸಿದೆ. ಎಮ್ಮೆ ಮೇಯಿಸುವ ಅಜ್ಜ ಮಾತ್ರ, "ಬೆಳಗಿನ ಜಾವ ಮೀನು ಬಾಯಿ ಬಿಟ್ಕೊಂಡು ಮೇಲಕ್ಕೆ ಬರ್ತವಲ್ಲ, ಯಾಕೆ?" ಎಂದರು.

ಮರುದಿನ ಐದೂವರೆಗೆ ಹೋದೆ. ಟಾರ್ಚ್ ಬೆಳಕಲ್ಲಿ ಬಾಟಲಿಯ ತಳಕ್ಕೆ ಇಳಿದದ್ದು ಬಿಳಿ ಗಸಿ.

11 ಬಂದ ದಿನವೇ ನನಗೆ ಅನುಮಾನ ಬರಬೇಕಿತ್ತು. 25 ಡಿಗ್ರಿಯ ನೀರು, ಬೆಂಗಳೂರಿನ ಎತ್ತರದಲ್ಲಿ, ಗಾಳಿಯಿಂದ ಹೀರಿಕೊಳ್ಳಬಲ್ಲದ್ದು ಸುಮಾರು ಏಳೂವರೆ ಮಿಲಿಗ್ರಾಂ. ಮಿಕ್ಕದ್ದು ಪಾಚಿ ಬಿಸಿಲಲ್ಲಿ ತಯಾರಿಸಿದ್ದು. ಪಾಚಿ ಅಷ್ಟು ಕೊಬ್ಬಿದ್ದು ಚರಂಡಿ ನೀರಿನ ಗೊಬ್ಬರದಿಂದ. ರಾತ್ರಿ ಅದೇ ಪಾಚಿಯೂ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡಿ ಎಲ್ಲವನ್ನೂ ಮುಗಿಸುತ್ತವೆ. ಚೆನ್ನಾಗಿದೆ ಎಂದು ನಾನು ತೋರಿಸಿದ ಅಂಕಿಯೇ ರೋಗದ ಲಕ್ಷಣವಾಗಿತ್ತು.

ಮುಂದಿನ ನಸುಕಿನಲ್ಲಿ ನಾಲ್ಕು ಬಾಟಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ನಡೆದೆ. ಬಿಳಿ, ಬಿಳಿ, ಬಿಳಿ. ಹಳೆ ಸೇತುವೆ ದಾಟಿದ ಮೇಲೆ ಕಂದು. ಸೇತುವೆ ಬುಡದ ಪೊದೆಯಲ್ಲಿ ಯುಜಿಡಿ (ಒಳಚರಂಡಿ) ಚೇಂಬರ್ ಒಂದು ಉಕ್ಕುತ್ತಿತ್ತು. ಮಧ್ಯಾಹ್ನ ಒಣಗಿದಂತೆ ಕಾಣುವ ಜಾಗ ಅದು. ದೂರು ಕೊಟ್ಟು, ಅಲೆದು, ದುರಸ್ತಿಯಾಗಲು ಐದು ವಾರ ಹಿಡಿಯಿತು.

ಈಗ ನಸುಕಿನ ಅಂಕಿ 3ರ ಆಸುಪಾಸು. ಮೀನು ಬದುಕಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಕನಿಷ್ಠ 4. ಬಲೆ ಹಾಕಿದರೆ ಈಗಲೂ ಹೆಚ್ಚು ಸಿಗುವುದು ಆಮ್ಲಜನಕ ಕಡಿಮೆ ಇದ್ದರೂ ಬದುಕುವ ಕೆಂಪು ಹುಳುಗಳೇ. ಆದರೆ ಕಳೆದ ತಿಂಗಳು ಸೇತುವೆಯ ಮೇಲುಗಡೆ ಎರಡು ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕವು. ಬಟ್ಟಲಲ್ಲಿ ತುಂಬ ಹೊತ್ತು ನೋಡಿ ವಾಪಸ್ ಬಿಟ್ಟೆ.

ಕಾಮಗಾರಿಗೆ ಮುಂಚಿನ ನಸುಕಿನ ಅಂಕಿ ನನ್ನಲ್ಲಿ ಒಂದೂ ಇಲ್ಲ. ಪಕ್ಕದ ಬಡಾವಣೆಯವರು ತಮ್ಮ ಹಳ್ಳದ ಹೂಳೆತ್ತಲು ಹೊರಟಿದ್ದಾರೆಂದು ತಿಳಿದು, ಜೆಸಿಬಿ ಬರುವ ಮೊದಲೇ ಹೋಗಿ ಬಾಟಲಿಗಳನ್ನು ಕೊಟ್ಟು ಬಂದೆ.