ಬಿಟ್ಟ ಚಳವಳಿಗೆ ಮರಳುವ ಬಗೆ

ಪರಿಸರ ಚಳವಳಿಯಲ್ಲಿ ನಾಲ್ಕಾರು ವರ್ಷ ದುಡಿದು, ಮನವಿಪತ್ರಗಳಿಗೆ ಉತ್ತರ ಸಿಗದೆ, ಜೊತೆಗಾರರು ಒಬ್ಬೊಬ್ಬರಾಗಿ ದೂರವಾದ ಮೇಲೆ ಕೈಚೆಲ್ಲಿ ಕುಳಿತವರು ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ. ನಾನೂ ಎರಡು ವರ್ಷ ಹಾಗೆ ಉಳಿದಿದ್ದೆ. ಮರಳಿ ಬರಬಯಸುವವರು ಹೊಸ ಘೋಷಣೆಯನ್ನೋ ಹೊಸ ಸಂಘಟನೆಯನ್ನೋ ಹುಡುಕುವ ಬದಲು, ಬಸ್ಸಿನಲ್ಲಿ ಸುಲಭವಾಗಿ ತಲುಪಬಹುದಾದ ಒಂದು ಕೆರೆಯನ್ನೋ ಗೋಮಾಳವನ್ನೋ ಕಾವಲನ್ನೋ ಆರಿಸಿಕೊಂಡು, ಅದನ್ನೇ ನಂಬಿ ಬದುಕುವವರ ಜೊತೆ ಅಲ್ಲಿ ನಡೆದಾಡುವುದರಿಂದ ತೊಡಗಬೇಕು.

ನಾನು ಮರಳಿದ್ದು ಚಳ್ಳಕೆರೆ ಸೀಮೆಯ ಅಮೃತ ಮಹಲ್ ಕಾವಲಿಗೆ. ಮೈಸೂರು ಅರಸರ ಕಾಲದಲ್ಲಿ ದನಗಳ ಮೇವಿಗೆಂದು ಮೀಸಲಿಟ್ಟ ಈ ಹುಲ್ಲುಗಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2008ರ ಆಸುಪಾಸಿನಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಸುತ್ತಲಿನ ಹಳ್ಳಿಗಳ ವಿರೋಧ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಾಗದದಲ್ಲಿ ಓದಿದವರಿಗೆ ಇದು ಆ ಬಯಲಿನ ಕೃಷ್ಣಮೃಗದ ಉಳಿವಿನ ಪ್ರಶ್ನೆಯಾಗಿ ಮಾತ್ರ ಕಾಣಬಹುದು. ನಾನು ಹೋದ ದಿನ ಒಬ್ಬ ಕಂಬಳಿ ನೇಕಾರರ ಮನೆಯಂಗಳದಲ್ಲಿ ಕರಿ ಉಣ್ಣೆಯ ಹಾಸನ್ನು, ಎಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳನ್ನು, ಉದ್ದಕ್ಕೂ ಬಿಗಿದು, ಮನೆಯ ಹೆಂಗಸರು ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಎಳೆಎಳೆಗೂ ಬಳಿಯುತ್ತಿದ್ದರು. ಕಾವಲಿನ ಹುಲ್ಲು ಹೋದರೆ ಕುರಿ ಹೋಗುತ್ತದೆ, ಕುರಿಯ ಹಿಂದೆ ಉಣ್ಣೆ, ಉಣ್ಣೆಯ ಹಿಂದೆ ಕಂಬಳಿ ಮತ್ತು ಆ ಹೆಂಗಸರ ದಿನದ ಗಳಿಕೆ. ಪರಿಸರ, ಕೂಲಿ, ಹೆಣ್ಣಿನ ದುಡಿಮೆ ಎಂದು ನಾವು ಬೇರೆಬೇರೆ ಸಭೆಗಳಲ್ಲಿ ಚರ್ಚಿಸಿದ್ದೆಲ್ಲವೂ ಆ ಒಂದು ಹಾಸಿನಲ್ಲಿತ್ತು.

ಆದ್ದರಿಂದ ಮೊದಲ ಒಂದೆರಡು ತಿಂಗಳು ಏನನ್ನೂ ಮಾಡಲು ಹೊರಡದೆ ಕೇಳಿಸಿಕೊಳ್ಳಬೇಕು. ನಮ್ಮ ಗುಂಪು ಹಿಂದೊಮ್ಮೆ ಕುರಿಗಾಹಿಗಳನ್ನು ಒಂದು ಮಾತೂ ಕೇಳದೆ ಹುಲ್ಲುಗಾವಲಿನಲ್ಲಿ ಗಿಡ ನೆಟ್ಟಿತ್ತು. ಬಯಲಿಗೆ ಒಗ್ಗಿದ ಕೃಷ್ಣಮೃಗಕ್ಕೂ ಕುರಿಗೂ ಬೇಕಾದದ್ದು ಹುಲ್ಲೇ ಹೊರತು ನೆಡುತೋಪಲ್ಲ. ಕಾವಲನ್ನು ಬಂಜರು ಎಂದು ಕಾಣುವವರ ಕಣ್ಣಿನಿಂದಲೇ ನಾವೂ ನೋಡಿದ್ದೆವು. ಆ ತಪ್ಪು ನನ್ನನ್ನು ಇಂದಿಗೂ ನೋಯಿಸುತ್ತದೆ.

ಹಳೆಯ ಹೋರಾಟವೊಂದರ ಚರಿತ್ರೆಯನ್ನು ಓದಿಕೊಳ್ಳುವುದೂ ಅಗತ್ಯ. ಹರಿಹರದ ಬಳಿಯ ಕಾರ್ಖಾನೆಗೆ ಮರದ ತಿರುಳು ಒದಗಿಸಲೆಂದು ಒಂದು ಕಂಪನಿ ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸತೊಡಗಿದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ಅದನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹ ನಡೆದ ಮೇಲೂ ನೀಲಗಿರಿ ಬೆಳೆಸುತ್ತಿದ್ದ ಆ ಕಂಪನಿ ಮುಚ್ಚಿದ್ದು 1991ರಲ್ಲಿ. ಆರು ತಿಂಗಳಲ್ಲಿ ಫಲ ಕಾಣದೆ ಸೋತೆವೆಂದುಕೊಳ್ಳುವವರು ಈ ಎರಡು ಇಸವಿಗಳನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ಸಮಯವನ್ನು ವಾರಕ್ಕೊಂದು ಸಂಜೆಗೆ ಮಿತಿಗೊಳಿಸಿಕೊಳ್ಳುವುದು ಒಳ್ಳೆಯದು. ಪೌರಕಾರ್ಮಿಕರು ಧರಣಿ ಕುಳಿತ ವಾರ ಮಾತ್ರ ಆ ಸಂಜೆ ಅವರದು. ಊರಿನ ಕಸ ಕೆರೆಯಂಗಳ ಸೇರುವುದನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ.

ಕೇಳಿಸಿಕೊಂಡಾದ ಮೇಲೆ ಕಡತದ ಕೆಲಸ. ನೀವು ಆರಿಸಿಕೊಂಡ ಜಾಗದ ಸರ್ವೆ ನಂಬರು ಹಿಡಿದು, ಅದು ಯಾರ ಹೆಸರಿಗೆ, ಯಾವ ಆದೇಶದ ಮೇಲೆ ಹೋಗಿದೆ ಎಂಬುದರ ಪ್ರತಿ ಕೋರಿ ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳೊಳಗೆ ಬರೆಯಬೇಕಾದ್ದರಿಂದ, ಆಕ್ರೋಶಕ್ಕೆ ಅಲ್ಲಿ ಜಾಗವಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ಉತ್ತರ ಬಂದಾಗ ಅದನ್ನು ಮೊದಲು ಅಲ್ಲಿನ ಜನರ ಹಟ್ಟಿಗೆ ಒಯ್ದು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಗ್ರಾಮಸಭೆಯಲ್ಲಿ ಇಡಬೇಕು. ಕಡತದಲ್ಲಿ ಸರ್ವೆ ನಂಬರು ಮಾತ್ರ ಇರುತ್ತದೆ. ಆ ನಂಬರಿನ ಹಳ್ಳಕ್ಕೂ ದಿಣ್ಣೆಗೂ ಊರ ಹಿರಿಯರು ಇಟ್ಟ ಹೆಸರುಗಳನ್ನು ಕೇಳಿ, ಅದೇ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ.